ಅಮೆರಿಕದ ಅಧ್ಯಕ್ಷರ ಜೀವನಚರಿತ್ರೆ: ಕೊಳ್ಳುವ ಮೊದಲು ಒಂದು ಅಡಿಕೆ ಒಡೆದು ನೋಡಿ

ಏಳನೇ ಕ್ಲಾಸಿನಲ್ಲಿದ್ದಾಗ ಭಾಷಣ ಸ್ಪರ್ಧೆಯಲ್ಲಿ ನನಗೊಂದು ಸ್ಟೀಲ್ ಲೋಟ ಬಹುಮಾನ ಬಂತು. ವಿಷಯ ಅಬ್ರಹಾಂ ಲಿಂಕನ್. ನನ್ನ ಭಾಷಣಕ್ಕೆ ಚಪ್ಪಾಳೆ ಬಿದ್ದದ್ದು ಒಂದೇ ಜಾಗದಲ್ಲಿ. ಲಿಂಕನ್ ಅಧ್ಯಕ್ಷನಾಗಿ ಸಭೆಯಲ್ಲಿ ಎದ್ದು ನಿಂತಾಗ ಒಬ್ಬ ಸಿರಿವಂತ, "ನಿನ್ನ ಅಪ್ಪ ನಮ್ಮ ಮನೆಗೆ ಚಪ್ಪಲಿ ಹೊಲಿಯುತ್ತಿದ್ದವ, ಮರೆಯಬೇಡ" ಅನ್ನುತ್ತಾನೆ. ಅದಕ್ಕೆ ಲಿಂಕನ್, "ಆ ಚಪ್ಪಲಿ ಕಿತ್ತುಹೋಗಿದ್ದರೆ ಕೊಡಿ, ಹೊಲಿದು ಕೊಡುತ್ತೇನೆ, ನನಗೂ ಆ ಕೆಲಸ ಬರುತ್ತದೆ" ಅನ್ನುತ್ತಾನೆ. ಅಲ್ಲಿಗೆ ಮುಂದಿನ ಬೆಂಚಿನಲ್ಲಿದ್ದ ಟೀಚರು ಕಣ್ಣೊರೆಸಿಕೊಂಡರು.

ಲೋಟ ಈಗಲೂ ಮನೆಯಲ್ಲಿ ಉಂಟು. ಕಥೆ ಮಾತ್ರ ಸುಳ್ಳು. ಲಿಂಕನ್ನನ ಅಪ್ಪ ಥಾಮಸ್ ಲಿಂಕನ್ ಬೇಸಾಯಗಾರ, ಜೊತೆಗೆ ಬಡಗಿ. ಮಗ ಅಧ್ಯಕ್ಷನಾದದ್ದು 1861ರಲ್ಲಿ. ಅಪ್ಪ ತೀರಿಕೊಂಡದ್ದು 1851ರಲ್ಲಿ. ಅಪ್ಪ ಮಗನಿಗೆ ಅಷ್ಟಕ್ಕಷ್ಟೆ. ಮಣ್ಣಿಗೂ ಮಗ ಹೋಗಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಒಂದು ಒಳ್ಳೆಯ ಜೀವನಚರಿತ್ರೆ ಕೈಗೆ ಸಿಕ್ಕಾಗ. ಓದಿ ಬೇಜಾರಾಗಲಿಲ್ಲ. ಅಪ್ಪನ ಅಂತ್ಯಕ್ರಿಯೆಗೆ ಹೋಗದ ಲಿಂಕನ್ ನನಗೆ ಚಪ್ಪಲಿ ಹೊಲಿಯುವ ಲಿಂಕನ್ನನಿಗಿಂತ ಜಾಸ್ತಿ ಮನುಷ್ಯನ ಹಾಗೆ ಕಂಡ.

ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರ ಮಾಡುವವ. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಪುಸ್ತಕ ಓದುವುದು ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು, ದಿನಕ್ಕೆ ಹತ್ತು ಹನ್ನೆರಡು ಪುಟ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅಂಗಡಿಗೆ ನಾಯಿಯೂ ಬರುವುದಿಲ್ಲ. ಆ ಹೊತ್ತಿನಲ್ಲೇ ಹದಿನೈದು ವರ್ಷದಿಂದ ಈ ಅಧ್ಯಕ್ಷರನ್ನು ಓದುತ್ತಾ ಬಂದಿದ್ದೇನೆ. ಅಕ್ಕನ ಮಗ ಅಮೆರಿಕದಲ್ಲಿ ಇದ್ದಾನೆ, ಊರಿಗೆ ಬರುವಾಗ ಪುಸ್ತಕ ತರುತ್ತಾನೆ. ಅವನು ಫೋನ್ ಮಾಡಿ "ಮಾವ, ಇಲ್ಲಿ ಲಿಂಕನ್ ಮೇಲೇ ಒಂದು ಗೋಡೆ ತುಂಬ ಪುಸ್ತಕ ಇದೆ, ಯಾವುದು ತರಲಿ?" ಅಂದಾಗಲೇ ನನಗೆ ಈ ಆರಿಸುವ ಕೆಲಸದ ಕಷ್ಟ ಗೊತ್ತಾದದ್ದು. ಈಗ ಕಾಲೇಜಿಗೆ ಹೋಗುವ ಮಕ್ಕಳೂ, ರಿಟೈರಾದ ಮಾಷ್ಟ್ರುಗಳೂ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲಿಗೆ ಯಾರ ಬಗ್ಗೆ ಓದಬೇಕು ಅಂತ ತೀರ್ಮಾನ ಮಾಡಿ. ಈವರೆಗೆ 47 ಅಧ್ಯಕ್ಷಗಿರಿ, ಆದರೆ ಮನುಷ್ಯರು 45 ಮಂದಿ. ಕ್ಲೀವ್‌ಲ್ಯಾಂಡ್ ಮತ್ತು ಟ್ರಂಪ್ ಇಬ್ಬರೂ ನಡುವೆ ಬಿಟ್ಟು ಎರಡೆರಡು ಸಲ ಬಂದವರು. ವಿಲಿಯಂ ಹೆನ್ರಿ ಹ್ಯಾರಿಸನ್ ಅಂತ ಒಬ್ಬ 1841ರಲ್ಲಿ ಒಂದು ತಿಂಗಳು ಅಧ್ಯಕ್ಷನಾಗಿದ್ದು ತೀರಿಕೊಂಡ. ಅವನಿಂದ ಶುರು ಮಾಡಬೇಡಿ. ನಿಮಗೆ ಸ್ವಲ್ಪವಾದರೂ ಮೊದಲೇ ಗೊತ್ತಿರುವವನನ್ನು ಹಿಡಿಯಿರಿ. ಯಾಕೆಂದರೆ ಮೊದಲೇ ಕೇಳಿದ ಸುಳ್ಳುಗಳೇ ಪುಸ್ತಕ ಪರೀಕ್ಷೆ ಮಾಡಲು ನಿಮ್ಮ ಕೈಯಲ್ಲಿರುವ ಕತ್ತರಿ.

ಅಂಗಡಿಗೆ ಗೋಣಿ ಬಂದಾಗ ನಾವೇನು ಮಾಡುತ್ತೇವೆ? ಮೇಲಿನ ಅಡಿಕೆ ನೋಡಿ ರೇಟು ಹೇಳುವುದಿಲ್ಲ. ಮೇಲೆ ಯಾವಾಗಲೂ ಚಂದದ್ದೇ ಇರುತ್ತದೆ. ಕೈಯನ್ನು ಮೊಣಗಂಟಿನ ತನಕ ಒಳಗೆ ಹಾಕಿ, ಅಡಿಯಿಂದ ನಾಲ್ಕು ತೆಗೆದು, ಕತ್ತರಿಯಲ್ಲಿ ಒಡೆದು ನೋಡುತ್ತೇವೆ. ಒಳಗೆ ಕಪ್ಪಾಗಿದ್ದರೆ ಕೋಕ, ಬಿರುಕು ಬಿಟ್ಟಿದ್ದರೆ ಪಟೋರ. ಪುಸ್ತಕಕ್ಕೂ ಅಷ್ಟೆ. ಮುಖಪುಟ, ಹಿಂದಿನ ಹೊಗಳಿಕೆ, ಮೊದಲ ಅಧ್ಯಾಯ ಎಲ್ಲ ಮೇಲಿನ ಅಡಿಕೆ. ನೀವು ಹಿಂದಿನಿಂದ ಕೈ ಹಾಕಬೇಕು.

ಹಿಂದೆ ಪದಸೂಚಿ, ಅಂದರೆ ಯಾವ ಹೆಸರು ಯಾವ ಪುಟದಲ್ಲಿ ಉಂಟು ಅಂತ ಹೇಳುವ ಪಟ್ಟಿ, ಇರುತ್ತದೆ. ಇಲ್ಲದಿದ್ದರೆ ಅಲ್ಲಿಗೇ ವಾಪಸ್ ಇಡಿ. ನಾಲ್ಕುನೂರು ಪುಟದ ಜೀವನಚರಿತ್ರೆಗೆ ಪದಸೂಚಿ ಮಾಡದವನು ಓದುಗ ತಿರುಗಿ ಹುಡುಕುವುದು ಬೇಡ ಅಂದುಕೊಂಡಿದ್ದಾನೆ.

ಲಿಂಕನ್ ಪುಸ್ತಕವಾದರೆ ಪದಸೂಚಿಯಲ್ಲಿ ಥಾಮಸ್ ಲಿಂಕನ್ ಹೆಸರು ಹಿಡಿದು ಆ ಪುಟಕ್ಕೆ ಹೋಗಿ. ಬಡಗಿ, ಬೇಸಾಯ ಅಂತ ಇದೆಯಾ? ಅಪ್ಪ ಮಗನ ನಡುವಿನ ಮುನಿಸಿನ ಬಗ್ಗೆ ಏನಾದರೂ ಉಂಟಾ? ಇನ್ನೊಂದು, ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆ ಬರುವ ಲಿಂಕನ್–ಕೆನಡಿ ಪಟ್ಟಿ. ಲಿಂಕನ್ನನ ಕಾರ್ಯದರ್ಶಿಯ ಹೆಸರು ಕೆನಡಿ, ಕೆನಡಿಯ ಕಾರ್ಯದರ್ಶಿಯ ಹೆಸರು ಲಿಂಕನ್ ಅಂತ. ಎರಡನೆಯದು ನಿಜ, ಎವಲಿನ್ ಲಿಂಕನ್ ಅಂತ ಒಬ್ಬರು ಇದ್ದರು. ಮೊದಲನೆಯದು ಸುಳ್ಳು. ಲಿಂಕನ್ನನ ಕಾರ್ಯದರ್ಶಿಗಳು ಜಾನ್ ನಿಕೊಲೇ ಮತ್ತು ಜಾನ್ ಹೇ. ಈ ಪಟ್ಟಿಯನ್ನು ನಿಜ ಅಂತ ಅಚ್ಚು ಹಾಕಿದ ಒಂದು ಪುಸ್ತಕಕ್ಕೆ ನಾನು ಒಂದು ಪ್ರದರ್ಶನದಲ್ಲಿ ದುಡ್ಡು ಕೊಟ್ಟಿದ್ದೇನೆ. ಅದರ ಹಾಳೆಗಳನ್ನು ಈಗ ಕಡಲೆ ಕಟ್ಟಲು ಪಕ್ಕದ ಅಂಗಡಿಗೆ ಕೊಟ್ಟಾಗಿದೆ.

ವಾಷಿಂಗ್ಟನ್ ಆದರೆ ಚೆರ್ರಿ ಮರ. ಕೊಡಲಿಯಲ್ಲಿ ಮರ ಕಡಿದ ಹುಡುಗ ಅಪ್ಪನೆದುರು ಸತ್ಯ ಹೇಳಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರಿನಲ್ಲಿ. ಮರುವರ್ಷವೇ ಮೇಸನ್ ವೀಮ್ಸ್ ಎಂಬ ಪಾದ್ರಿ ಅವನ ಜೀವನಚರಿತ್ರೆ ಮಾರಾಟಕ್ಕೆ ತಂದ. ಆ ಮೊದಲ ಮುದ್ರಣದಲ್ಲಿ ಚೆರ್ರಿ ಮರ ಇರಲಿಲ್ಲ. ಅದು ಸೇರಿದ್ದು 1806ರ ಮುದ್ರಣದಲ್ಲಿ. ಸತ್ಯ ಹೇಳಬೇಕು ಅಂತ ಕಲಿಸುವ ಕಥೆಯನ್ನೇ ಹೊಸೆದು ಸೇರಿಸಿದ್ದಾರೆ, ಮಾರಾಯ್ರೆ. ಒಳ್ಳೆಯ ಲೇಖಕ ಈ ಕಥೆಯನ್ನು ಬಿಟ್ಟುಬಿಡುವುದಿಲ್ಲ. ಅದು ಎಲ್ಲಿಂದ ಬಂತು ಅಂತ ಹೇಳುತ್ತಾನೆ.

ನನ್ನ ಪರೀಕ್ಷೆಯೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಲೇಖಕನನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಪ್ರಶ್ನೆ: ಇದು ನಿನಗೆ ಹೇಗೆ ಗೊತ್ತು?

ಉದಾಹರಣೆಗೆ ಆ್ಯನ್ ರಟ್ಲೆಜ್. ಲಿಂಕನ್ ಯುವಕನಾಗಿದ್ದಾಗ ಪ್ರೀತಿಸಿದ ಹುಡುಗಿ, ಅವಳು 1835ರಲ್ಲಿ ಜ್ವರದಲ್ಲಿ ತೀರಿಕೊಂಡಳು, ಲಿಂಕನ್ ಹುಚ್ಚನಂತಾದ ಅಂತ ಕಥೆ. ಇದನ್ನು ಲೋಕಕ್ಕೆ ಹೇಳಿದವನು ಲಿಂಕನ್ನನ ವಕೀಲಿ ಪಾಲುದಾರ ವಿಲಿಯಂ ಹರ್ನ್‌ಡನ್, 1866ರ ಒಂದು ಭಾಷಣದಲ್ಲಿ. ಅಂದರೆ 31 ವರ್ಷ ಕಳೆದ ಮೇಲೆ, ಲಿಂಕನ್ ಸತ್ತ ಮೇಲೆ, ಊರಿನ ಮುದುಕರನ್ನು ಕೇಳಿ ಬರೆದುಕೊಂಡದ್ದು. ಮೂವತ್ತು ವರ್ಷದ ಹಿಂದೆ ನಮ್ಮೂರಿನ ಮದುವೆಯೊಂದರಲ್ಲಿ ಯಾರು ಯಾರಿಗೆ ಏನು ಅಂದರು ಅಂತ ಇವತ್ತು ಹತ್ತು ಜನರನ್ನು ಕೇಳಿ ನೋಡಿ, ಹನ್ನೊಂದು ಕಥೆ ಸಿಗುತ್ತದೆ. ಹಾಗಂತ ಹರ್ನ್‌ಡನ್ ಸುಳ್ಳ ಅಂತಲ್ಲ. ಅವನು ಸಂಗ್ರಹಿಸದಿದ್ದರೆ ಎಷ್ಟೋ ಸಂಗತಿ ಉಳಿಯುತ್ತಲೇ ಇರಲಿಲ್ಲ. ಆದರೆ ಒಳ್ಳೆಯ ಪುಸ್ತಕ "ಇಂಥವರು ಇಷ್ಟು ವರ್ಷದ ಮೇಲೆ ಹೀಗೆ ನೆನಪಿಸಿಕೊಂಡರು" ಅನ್ನುತ್ತದೆ. ಕೆಟ್ಟ ಪುಸ್ತಕ "ಆ ರಾತ್ರಿ ಮಳೆ ಸುರಿಯುತ್ತಿತ್ತು, ಲಿಂಕನ್ನನ ಎದೆ ಬಿರಿಯಿತು" ಅನ್ನುತ್ತದೆ.

ಇದನ್ನು ಅಂಗಡಿಯಲ್ಲಿ ನಿಂತುಕೊಂಡೇ ಐದು ನಿಮಿಷದಲ್ಲಿ ನೋಡಬಹುದು. ಮಾತುಕತೆ ಇರುವ ಒಂದು ದೃಶ್ಯ ಆರಿಸಿ, ಜಾಸ್ತಿ ನಾಟಕೀಯವಾಗಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಟಿಪ್ಪಣಿಗಳಲ್ಲಿ ಆ ಪುಟದ ನಂಬರು ಹುಡುಕಿ. ಅಲ್ಲಿ ಕಾಗದ, ಡೈರಿ, ಸಂದರ್ಶನ, ತಾರೀಕು ಇದ್ದರೆ ತೋಟದಿಂದ ನೇರ ಬಂದ ಅಡಿಕೆ. ಬರೀ ಬೇರೆ ಜೀವನಚರಿತ್ರೆಗಳ ಹೆಸರೇ ಇದ್ದರೆ ಅದು ಒಂದು ಗೋಣಿಯಿಂದ ಇನ್ನೊಂದು ಗೋಣಿಗೆ ಸುರಿದ ಮಾಲು. ಸುರಿದ ಮಾಲೂ ಕೆಲವೊಮ್ಮೆ ಓದಲು ರುಚಿಯಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ತೋಟದ ರೇಟು ಕೊಡಬೇಡಿ.

ಟಿಪ್ಪಣಿಯ ಹಿಂದೆ ಎಷ್ಟು ಬೆವರು ಇರಬಹುದು ಅಂತ ನನಗೆ ತೋರಿಸಿದ್ದು ಲಿಂಡನ್ ಜಾನ್ಸನ್ ಬಗ್ಗೆ ರಾಬರ್ಟ್ ಕ್ಯಾರೋ ಬರೆದ ಸಂಪುಟಗಳು. ಮೊದಲನೆಯದು 1982ರಲ್ಲಿ ಬಂತು, ನಾಲ್ಕನೆಯದು 2012ರಲ್ಲಿ. ಐದನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಜಾನ್ಸನ್ ಹುಟ್ಟಿದ್ದು ಟೆಕ್ಸಾಸಿನ ಒಣ ಗುಡ್ಡದ ಸೀಮೆಯಲ್ಲಿ. ಅಲ್ಲಿನ ಜನ ಹೊರಗಿನವರ ಹತ್ತಿರ ಬಾಯಿ ಬಿಡುವುದಿಲ್ಲ ಅಂತ ಗೊತ್ತಾದಾಗ ಕ್ಯಾರೋ ಹೆಂಡತಿ ಐನಾಳನ್ನು ಕರೆದುಕೊಂಡು ನ್ಯೂಯಾರ್ಕ್ ಬಿಟ್ಟು ಅಲ್ಲಿಗೇ ಹೋಗಿ ಮೂರು ವರ್ಷ ಮನೆ ಮಾಡಿದ. ಆಗ ಸಿಕ್ಕಿದ ಒಂದು ಅಧ್ಯಾಯ ಬರೀ ಕರೆಂಟಿಲ್ಲದ ಕಾಲದ ಹೆಂಗಸರ ಕೆಲಸದ ಬಗ್ಗೆ. ಬಾವಿಯಿಂದ ನೀರು ಸೇದುವುದು, ಹೊರುವುದು, ಒಗೆಯುವುದು, ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲೆ ಕಾಯಿಸುವುದು. ಒಂದು ಸಂಸಾರಕ್ಕೆ ದಿನಕ್ಕೆ 200 ಗ್ಯಾಲನ್ ನೀರು ಬೇಕಾಗುತ್ತಿತ್ತು ಅಂತ ಲೆಕ್ಕ ಕೊಡುತ್ತಾನೆ.

ಅಷ್ಟು ಓದಿ ಪುಸ್ತಕ ಮಡಚಿ ಅಂಗಡಿಯ ಚೀಟಿಯ ಹಿಂದೆ ಲೆಕ್ಕ ಹಾಕಿದೆ. 200 ಗ್ಯಾಲನ್ ಅಂದರೆ ಸುಮಾರು 750 ಲೀಟರ್. ನಮ್ಮ ಮನೆಯ ತಾಮ್ರದ ಕೊಡಪಾನಕ್ಕೆ 15 ಲೀಟರ್ ಹಿಡಿಯುತ್ತದೆ. ಐವತ್ತು ಕೊಡಪಾನ! ನನ್ನ ಅಮ್ಮ ಬಾವಿಕಟ್ಟೆಯಲ್ಲಿ ನಿಂತು ಹಗ್ಗ ಎಳೆಯುವಾಗ ರಾಟೆಯ ಕಿರ್ ಕಿರ್ ಸದ್ದು ಹೇಗೆ ಕೇಳುತ್ತಿತ್ತು, ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಗುಡ್ಡದ ಬದಿಯ ಸುರಂಗದಿಂದ ಬರುವ ಬೆರಳು ದಪ್ಪದ ನೀರಿಗೆ ಹೇಗೆ ಕಾಯುತ್ತಿದ್ದಳು ಎಲ್ಲ ನೆನಪಾಯಿತು. ಆ ಸೀಮೆಗೆ 1930ರ ದಶಕದ ಕೊನೆಗೆ ಕರೆಂಟು ತಂದದ್ದು ಯುವ ಸಂಸದನಾಗಿದ್ದ ಜಾನ್ಸನ್. ಜನ ಅವನಿಗೆ ಯಾಕೆ ಓಟು ಹಾಕಿದರು ಅಂತ ಕ್ಯಾರೋ ವಾದ ಮಾಡುವುದಿಲ್ಲ. ಬೆನ್ನು ಬಗ್ಗಿದ ಹೆಂಗಸರನ್ನು ತೋರಿಸುತ್ತಾನೆ, ಆಮೇಲೆ ದೀಪ ಹತ್ತಿಸುತ್ತಾನೆ. ಜಾನ್ಸನ್ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಆ ಕೊಡಪಾನಗಳಿಂದ.

ಅದೇ ಲೇಖಕ ಅದೇ ಜಾನ್ಸನ್ನನ ಕಳ್ಳ ಓಟನ್ನೂ ಬಿಡುವುದಿಲ್ಲ. 1948ರ ಸೆನೆಟ್ ಚುನಾವಣೆಯ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಜಾನ್ಸನ್ ಗೆದ್ದದ್ದು 87 ಓಟಿನಿಂದ. ಓಟು ಎಣಿಸಿ ಆದ ಎಷ್ಟೋ ದಿನದ ಮೇಲೆ 13ನೇ ನಂಬರಿನ ಪೆಟ್ಟಿಗೆಯಲ್ಲಿ ಹೊಸ ಹೆಸರುಗಳು ಕಾಣಿಸಿಕೊಂಡವು. ಒಂದೇ ಬಣ್ಣದ ಶಾಯಿ, ಹೆಸರುಗಳೂ ಅಕ್ಷರಮಾಲೆಯ ಕ್ರಮದಲ್ಲೇ. ಕ್ಯಾರೋ ಆ ಬೂತಿನ ಅಧಿಕಾರಿಯಾಗಿದ್ದವನನ್ನು ಮುದಿವಯಸ್ಸಿನಲ್ಲಿ ಹುಡುಕಿ ಹಿಡಿದು, ಅವನ ಬಾಯಿಂದಲೇ ಕಥೆ ಹೊರಡಿಸಿದ. "ನಿನಗೆ ಹೇಗೆ ಗೊತ್ತು" ಅಂತ ಕೇಳಿದರೆ ಇವನ ಹತ್ತಿರ ಉತ್ತರ ಇದೆ.

ಇನ್ನು ವರ್ಷ. ಅಡಿಕೆಯಲ್ಲಿ ಹಳತಿಗೆ ರೇಟು ಜಾಸ್ತಿ, ಹಾಗಾಗಿ ಹೊಸತನ್ನು ಹಳತು ಅಂತ ದಾಟಿಸಲು ನೋಡುತ್ತಾರೆ. ಪುಸ್ತಕದಲ್ಲಿ ಉಲ್ಟಾ. ಹಳತನ್ನು ಹೊಸತು ಅಂತ ಮಾರುತ್ತಾರೆ. ಹಕ್ಕು ಮುಗಿದ ನೂರು ವರ್ಷದ ಹಿಂದಿನ ಪುಸ್ತಕಕ್ಕೆ ಮಿರಿಮಿರಿ ಮುಖಪುಟ ಹಾಕಿ, ಮುದ್ರಣದ ವರ್ಷ ಮಾತ್ರ ಕೊಟ್ಟು, ಬರೆದ ವರ್ಷ ನುಂಗಿಬಿಡುತ್ತಾರೆ. ಹಾಗೆ ನಾನೊಂದು ವಾಷಿಂಗ್ಟನ್ ಕೊಂಡು, ಅರ್ಧ ಓದಿದ ಮೇಲೆ "ಈ ಲೇಖಕ ಮೊದಲ ಮಹಾಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲವಲ್ಲ" ಅಂತ ಅನುಮಾನ ಬಂದು ಹುಡುಕಿದರೆ ಲೇಖಕ ಆ ಯುದ್ಧಕ್ಕೆ ಮೊದಲೇ ತೀರಿಹೋಗಿದ್ದ. ಹಕ್ಕುಪುಟ, ಅಂದರೆ ಕಾಪಿರೈಟ್ ಪುಟ ಓದಿ. ಅಲ್ಲಿ ಮೊದಲ ಪ್ರಕಟಣೆಯ ವರ್ಷ ಇಲ್ಲದಿದ್ದರೆ ಲೇಖಕನ ಹೆಸರನ್ನು ಫೋನಿನಲ್ಲಿ ಹುಡುಕಿ.

ವರ್ಷ ಯಾಕೆ ಮುಖ್ಯ ಅಂದರೆ, ಕಾಗದಪತ್ರಗಳಿಗೂ ಬೀಗ ಇರುತ್ತದೆ. ಲಿಂಕನ್ನನ ಕಾಗದಗಳು ಮಗ ರಾಬರ್ಟನ ಕೈಯಲ್ಲಿದ್ದವು. ನಾನು ಸತ್ತು 21 ವರ್ಷ ಆಗುವ ತನಕ ತೆಗೆಯಬಾರದು ಅಂತ ಅವನ ಷರತ್ತು. ತೆರೆದದ್ದು 1947ರ ಜುಲೈಯಲ್ಲಿ. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಆರು ಸಂಪುಟದ ಲಿಂಕನ್ ಬರೆದು ಮುಗಿಸಿದ್ದು 1939ರಲ್ಲಿ. ಅದನ್ನು ಓದಿ, ಖಂಡಿತ ಓದಿ, ಆದರೆ ಅವನು ಆ ಪೆಟ್ಟಿಗೆ ನೋಡದೆ ಬರೆದವನು ಅಂತ ನೆನಪಿಟ್ಟುಕೊಂಡು ಓದಿ. ಜಾನ್ಸನ್ನನ ಟೆಲಿಫೋನ್ ಟೇಪುಗಳು ಹೊರಬರಲು ಶುರುವಾದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು ಅವನ ಬಗ್ಗೆ ಬರೆದವರು ಅವನ ಸ್ವರವನ್ನೇ ಕೇಳದೆ ಬರೆದವರು.

ಕೆಲವೊಮ್ಮೆ ಕಾಗದ ಎದುರಿಗೇ ಇರುತ್ತದೆ, ನೋಡುವ ಕಣ್ಣು ಇರುವುದಿಲ್ಲ. ಜೆಫರ್ಸನ್ ಬಗ್ಗೆ ಡ್ಯೂಮಸ್ ಮ್ಯಾಲೋನ್ 1948ರಿಂದ 1981ರ ತನಕ ಆರು ಸಂಪುಟ ಬರೆದ. ದೊಡ್ಡ ವಿದ್ವಾಂಸ, ಪುಲಿಟ್ಜರ್ ಬಹುಮಾನವೂ ಬಂತು. ಆದರೆ ಜೆಫರ್ಸನ್ನನಿಗೆ ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸಳಲ್ಲಿ ಮಕ್ಕಳಿದ್ದರು ಎಂಬ ಮಾತನ್ನು ಅವನು ತಳ್ಳಿಹಾಕಿದ. ಅವಳ ಮಗ ಮ್ಯಾಡಿಸನ್ 1873ರಲ್ಲೇ ಒಂದು ಪತ್ರಿಕೆಯಲ್ಲಿ ತನ್ನ ಅಪ್ಪ ಯಾರು ಅಂತ ಹೇಳಿದ್ದ. ಗುಲಾಮನ ಮಾತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1997ರಲ್ಲಿ ಆ್ಯನೆಟ್ ಗೋರ್ಡನ್-ರೀಡ್ ಎಂಬ ಕಾನೂನು ಪ್ರಾಧ್ಯಾಪಕಿ ಅದೇ ಹಳೆಯ ದಾಖಲೆಗಳನ್ನು ಸಾಕ್ಷಿ ವಿಚಾರಿಸುವ ಹಾಗೆ ಒಂದೊಂದಾಗಿ ವಿಚಾರಿಸಿದರು. ಮರುವರ್ಷ ಡಿಎನ್‌ಎ ಪರೀಕ್ಷೆ ಬಂತು, ಅವರ ಕಡೆಗೇ ವಾಲಿತು. ಹಾಗಾಗಿ ಜೆಫರ್ಸನ್ ಕೊಳ್ಳುವುದಾದರೆ 1998ರ ನಂತರ ಬರೆದದ್ದನ್ನೇ ಕೊಳ್ಳಿ.

ಇದರಿಂದಲೇ ನನ್ನ ಮುಂದಿನ ಪರೀಕ್ಷೆ. ಪ್ರತಿಯೊಬ್ಬ ಅಧ್ಯಕ್ಷನಿಗೂ ಒಂದು ಕೋಕ ಅಧ್ಯಾಯ ಇರುತ್ತದೆ. ನೇರ ಅಲ್ಲಿಗೆ ಹೋಗಿ. ಆ್ಯಂಡ್ರೂ ಜ್ಯಾಕ್ಸನ್ ಆದರೆ ಮೂಲನಿವಾಸಿಗಳನ್ನು ನೆಲ ಬಿಡಿಸಿದ 1830ರ ಕಾಯ್ದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಆದರೆ 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಹಾಕಿದ್ದು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಎಷ್ಟು ಪುಟ ಕೊಟ್ಟಿದ್ದಾನೆ ಅಂತ ನೋಡುವುದಕ್ಕಿಂತ ಕ್ರಿಯಾಪದ ನೋಡಿ. "ಸ್ಥಳಾಂತರಿಸಲಾಯಿತು" ಅಂತ ಇದೆಯಾ, "ರೂಸ್‌ವೆಲ್ಟ್ ಸಹಿ ಹಾಕಿದ" ಅಂತ ಇದೆಯಾ? ಈ "ಲಾಯಿತು" ಇದೆಯಲ್ಲ, ಅದರಲ್ಲಿ ಮಾಡಿದವನು ಮಾಯ. ಇಂಗ್ಲಿಷಿನಲ್ಲೂ ಅದಕ್ಕೆ ದಾರಿ ಉಂಟು.

ಇದು ನಮ್ಮ ಕಡೆಯವರಿಗೆ ಬೇಗ ಕಣ್ಣಿಗೆ ಬೀಳುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ "ಸೇರಿಸಲಾಯಿತು" ಅಂತ ಓದಿಯೇ ನಾವು ಬೆಳೆದವರು. ಯಾರು ಸೇರಿಸಿದರು, ಯಾರು ಸುಮ್ಮನಿದ್ದರು, ಯಾವ ಆಯೋಗ ಏನು ಬರೆಯಿತು ಅಂತ ತಿಳಿಯಲು ಬೇರೆ ಬೇರೆ ಪುಸ್ತಕ ಹುಡುಕಬೇಕಾಯಿತು. ಆ ಅಭ್ಯಾಸ ಅಮೆರಿಕದ ಪುಸ್ತಕ ಓದುವಾಗಲೂ ಬಿಡುವುದಿಲ್ಲ.

ಇನ್ನೊಂದು ಸಣ್ಣ ಸೂತ್ರ: ಪದಸೂಚಿಯಲ್ಲಿ ಇಂಡಿಯಾ ಹುಡುಕಿ. ನಿಕ್ಸನ್ ಆದರೆ 1971, ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳ ಕೊಲ್ಲಿಗೆ ಬಂದ ಅಮೆರಿಕದ ಯುದ್ಧಹಡಗು ಎಂಟರ್‌ಪ್ರೈಸ್. ಜಾನ್ಸನ್ ಆದರೆ ನಮ್ಮ ಬರಗಾಲದಲ್ಲಿ ಗೋಧಿ ಹಡಗುಗಳನ್ನು ತಡೆತಡೆದು ಬಿಟ್ಟದ್ದು. ನಾನು ಶಾಲೆಯಲ್ಲಿ ಮಧ್ಯಾಹ್ನ ತಿಂದ ಉಪ್ಪಿಟ್ಟು ಅಮೆರಿಕದಿಂದ ಬಂದ ಧಾನ್ಯದ್ದು ಅಂತ ಮಾಷ್ಟ್ರು ಹೇಳುತ್ತಿದ್ದರು. ಹಾಗಾಗಿ ಆ ಪುಟಗಳನ್ನು ನಾನು ಬಿಡುವುದಿಲ್ಲ. ಅಲ್ಲಿ ಲೇಖಕ ತಪ್ಪು ಮಾಡಿದರೆ ನಮಗೆ ಗೊತ್ತಾಗುತ್ತದೆ.

ಬರೆದವನು ಯಾರು ಅಂತಲೂ ನೋಡಿ. 1852ರಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಚುನಾವಣೆಗೆ ನಿಂತಾಗ ಅವನ ಜೀವನಚರಿತ್ರೆ ಬರೆದದ್ದು ಕಾದಂಬರಿಕಾರ ನಥಾನಿಯಲ್ ಹಾಥಾರ್ನ್, ಕಾಲೇಜಿನ ಗೆಳೆಯ. ಪಿಯರ್ಸ್ ಗೆದ್ದ. ಹಾಥಾರ್ನ್‌ನಿಗೆ ಲಿವರ್‌ಪೂಲಿನಲ್ಲಿ ಕಾನ್ಸಲ್ ಹುದ್ದೆ ಸಿಕ್ಕಿತು. ದೊಡ್ಡ ಲೇಖಕ ಬರೆದರೆ ಸಾಕು ಅಂದುಕೊಳ್ಳುವವರಿಗೆ ಇದನ್ನೇ ಹೇಳುತ್ತೇನೆ. ಬಹುಮಾನವೂ ಗ್ಯಾರಂಟಿ ಅಲ್ಲ. ಥಿಯೋಡರ್ ರೂಸ್‌ವೆಲ್ಟ್ ಬಗ್ಗೆ ಬರೆದು ಪುಲಿಟ್ಜರ್ ಪಡೆದ ಎಡ್ಮಂಡ್ ಮೋರಿಸ್, ಆಮೇಲೆ ರೇಗನ್ ಬಗ್ಗೆ ಬರೆಯಲು ಶ್ವೇತಭವನದ ಒಳಗೇ ಓಡಾಡುವ ಅವಕಾಶ ಪಡೆದ. 1999ರಲ್ಲಿ ಪುಸ್ತಕ ಬಂದಾಗ ನೋಡಿದರೆ ರೇಗನ್ನನನ್ನು ಚಿಕ್ಕಂದಿನಿಂದ ಬಲ್ಲ ಒಂದು ಕಲ್ಪಿತ ಪಾತ್ರವನ್ನು ನಡುವೆ ನಿಲ್ಲಿಸಿದ್ದಾನೆ! ಯಕ್ಷಗಾನದಲ್ಲಿ ಹಾಸ್ಯಗಾರ ಬಂದು ದೇವೇಂದ್ರನ ಒಡ್ಡೋಲಗದಲ್ಲಿ ಮಾತಾಡಿದರೆ ನಮಗೆ ಖುಷಿ. ಜೀವನಚರಿತ್ರೆಯಲ್ಲಿ ಬಂದರೆ ಯಾವುದು ನಿಜ ಅಂತ ಪುಟಪುಟಕ್ಕೂ ಅನುಮಾನ.

ಅಧ್ಯಕ್ಷರೇ ಬರೆದುಕೊಂಡ ಪುಸ್ತಕಗಳನ್ನು ಎರಡನೆಯದಾಗಿ ಓದಿ, ಮೊದಲನೆಯದಾಗಿ ಬೇಡ. ಒಂದಕ್ಕೆ ಮಾತ್ರ ವಿನಾಯಿತಿ, ಯುಲಿಸಿಸ್ ಗ್ರಾಂಟ್. ಪಾಲುದಾರನ ಮೋಸದಲ್ಲಿ ಇದ್ದಬದ್ದದ್ದೆಲ್ಲ ಕಳೆದುಕೊಂಡು, ಗಂಟಲ ಕ್ಯಾನ್ಸರಿನಲ್ಲಿ ನರಳುತ್ತಾ, ಹೆಂಡತಿಗೆ ನಾಲ್ಕು ಕಾಸಾದರೂ ಉಳಿಯಲಿ ಅಂತ ಬರೆದ. ಮುಗಿಸಿದ ಕೆಲವೇ ದಿನಕ್ಕೆ, 1885ರ ಜುಲೈಯಲ್ಲಿ ತೀರಿಕೊಂಡ. ಅಚ್ಚು ಹಾಕಿದ್ದು ಮಾರ್ಕ್ ಟ್ವೈನ್‌ನ ಕಂಪನಿ. ವಾಕ್ಯಗಳು ಸಣ್ಣ, ನೇರ, ನಮ್ಮಂಥ ಡಿಕ್ಷನರಿ ಇಂಗ್ಲಿಷಿನವರಿಗೂ ದಕ್ಕುತ್ತದೆ. ಆದರೆ ಅದರಲ್ಲಿ ಯುದ್ಧವೇ ಎಲ್ಲ, ಎಂಟು ವರ್ಷದ ಅಧ್ಯಕ್ಷಗಿರಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದಕ್ಕೆ ಬೇರೆ ಪುಸ್ತಕ ಬೇಕು. ಗ್ರಾಂಟನ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಧರ್ಮಕ್ಕೆ ಸಿಗುತ್ತದೆ, ಫೋನಿನಲ್ಲೇ ಓದಬಹುದು.

ಒಂದೇ ಒಂದು ದಪ್ಪ ಪುಸ್ತಕ ಕೊಳ್ಳುವುದಾದರೆ ಯಾವುದು ಅಂತ ಕೇಳಿದರೆ ನಾನು ಹೇಳುವುದು ಡೇವಿಡ್ ಮೆಕಲೊ ಬರೆದ ಟ್ರೂಮನ್, 1992ರದ್ದು. ಇದರಲ್ಲಿ ನನ್ನ ಪಕ್ಷಪಾತ ಇದೆ. ಟ್ರೂಮನ್ ಅಂಗಡಿಯವ. 1919ರಲ್ಲಿ ಗೆಳೆಯನೊಟ್ಟಿಗೆ ಕ್ಯಾನ್ಸಸ್ ಸಿಟಿಯಲ್ಲಿ ಗಂಡಸರ ಬಟ್ಟೆಬರೆ ಅಂಗಡಿ ಹಾಕಿ, 1922ರಲ್ಲಿ ಮುಚ್ಚಿ, ಸಾಲ ತೀರಿಸಲು ವರ್ಷಗಟ್ಟಲೆ ಒದ್ದಾಡಿದವ. ರೇಟು ಬಿದ್ದ ವರ್ಷ ಗೋದಾಮು ತುಂಬ ಮಾಲು ಇಟ್ಟುಕೊಂಡು ಕೂತ ಸಂಕಟ ನನಗೆ ಗೊತ್ತು. ಟ್ರೂಮನ್ ಬಗ್ಗೆ ಯಾವ ಪುಸ್ತಕ ಹಿಡಿದರೂ ಪದಸೂಚಿಯಲ್ಲಿ ಪೆಂಡರ್‌ಗಾಸ್ಟ್ ಹೆಸರು ಹುಡುಕಿ. ಟ್ರೂಮನ್ನನನ್ನು ರಾಜಕೀಯಕ್ಕೆ ತಂದ ಊರ ಧಣಿ, ಆಮೇಲೆ ತೆರಿಗೆ ಮೋಸದಲ್ಲಿ ಜೈಲಿಗೆ ಹೋದವನು. ಅವನು 1945ರಲ್ಲಿ ಸತ್ತಾಗ ಆಗಷ್ಟೇ ಉಪಾಧ್ಯಕ್ಷನಾಗಿದ್ದ ಟ್ರೂಮನ್ ಯಾರ ಮಾತೂ ಕೇಳದೆ ಮಣ್ಣಿಗೆ ಹೋದ. ಇದನ್ನು ಋಣ ಅನ್ನಬೇಕಾ, ಕಲೆ ಅನ್ನಬೇಕಾ ಅಂತ ಲೇಖಕ ನಮ್ಮ ಮುಂದೆ ಇಟ್ಟರೆ ಪುಸ್ತಕ ಗಟ್ಟಿ. ಮೆಕಲೊ ಇಡುತ್ತಾನೆ, ಆದರೆ ಅವನಿಗೆ ಟ್ರೂಮನ್ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಅಣುಬಾಂಬಿನ ಅಧ್ಯಾಯ ಓದುವಾಗ ಅದು ಕೈಗೆ ತಾಗುತ್ತದೆ.

ಅಷ್ಟು ದಪ್ಪ ಬೇಡ ಅಂದರೆ ಆರ್ಥರ್ ಶ್ಲೆಸಿಂಜರ್ ಸಂಪಾದಿಸಿದ, ಒಬ್ಬೊಬ್ಬ ಅಧ್ಯಕ್ಷನಿಗೆ ಒಂದೊಂದು ತೆಳ್ಳನೆಯ ಪುಸ್ತಕದ ಮಾಲೆ ಇದೆ. ನಾಲ್ಕು ಮಧ್ಯಾಹ್ನಕ್ಕೆ ಒಂದು ಮುಗಿಯುತ್ತದೆ.

ದಪ್ಪದ್ದೇ ತರಿಸುವುದಾದರೆ ಗಟ್ಟಿ ರಟ್ಟಿನದ್ದೇ ತರಿಸಿ. ಟ್ರೂಮನ್ನನನ್ನು ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಒಂದೂವರೆ ಕಿಲೋಗೂ ಜಾಸ್ತಿ ತೂಗಿತು. ಹೊತ್ತು ತಂದ ಅಕ್ಕನ ಮಗನ ಮುಖ ಸಣ್ಣದಾಯಿತು. ಪೇಪರ್‌ಬ್ಯಾಕ್ ಆದರೆ ಸಾವಿರ ಪುಟದ್ದು ನಮ್ಮ ಆಟಿಯ ಮಳೆಗೆ ಬೆನ್ನು ಬಿಟ್ಟು ಎರಡಾಗುತ್ತದೆ, ಬೂಸ್ಟು ಬೇರೆ. ಒಂದು ವರ್ಷ ಜೆಫರ್ಸನ್ನನನ್ನು ಅಡಿಕೆಯ ಜೊತೆ ಅಂಗಳದಲ್ಲಿ ಬಿಸಿಲಿಗೆ ಹಾಕಬೇಕಾಯಿತು. ಅಕ್ಷರದ ಗಾತ್ರವನ್ನೂ ನೋಡಿ. ಅರವತ್ತರ ಮೇಲೆ ಅದೇ ಮೊದಲ ಪರೀಕ್ಷೆ ಆಗುತ್ತದೆ.

ಇನ್ನು ಕನ್ನಡದಲ್ಲಿ ಇರುವ ಪುಸ್ತಕಗಳು. ಲಿಂಕನ್, ವಾಷಿಂಗ್ಟನ್, ಕೆನಡಿ ಬಗ್ಗೆ ಸಣ್ಣ ಪುಸ್ತಕಗಳು ಮಂಗಳೂರಿನ ಅಂಗಡಿಗಳಲ್ಲೂ ನಮ್ಮ ಊರಿನ ಗ್ರಂಥಾಲಯಗಳಲ್ಲೂ ಸಿಗುತ್ತವೆ. ಮಕ್ಕಳಿಗೆ ಕೊಡುವ ಮೊದಲು ಮುನ್ನುಡಿ ಓದಿ, ಲೇಖಕ ಯಾವ ಪುಸ್ತಕದಿಂದ ತೆಗೆದುಕೊಂಡೆ ಅಂತ ಹೆಸರು ಹೇಳಿದ್ದಾನಾ ನೋಡಿ. ಹೇಳಿದ್ದರೆ ಅರ್ಧ ನಂಬಿಕೆ ಬಂದ ಹಾಗೆ. ಮಂಜೇಶ್ವರದ ಗೋವಿಂದ ಪೈಗಳು ಒಂದು ತಾರೀಕು ನಿರ್ಣಯಿಸಲು ಎಷ್ಟೆಷ್ಟು ಶಾಸನ, ಗ್ರಂಥ ತಿರುವಿ ಹಾಕುತ್ತಿದ್ದರು. ಅವರ ನೆರೆಯಲ್ಲಿ ಬದುಕುವ ನಾವು ಇಷ್ಟಾದರೂ ಕೇಳಬೇಕಲ್ವಾ. ಆಮೇಲೆ "ಮಗನ ಶಿಕ್ಷಕನಿಗೆ ಲಿಂಕನ್ ಬರೆದ ಪತ್ರ" ಅದರಲ್ಲಿ ಇದೆಯಾ ನೋಡಿ. ಲಿಂಕನ್ನನ ಬರಹಗಳ ಸಮಗ್ರ ಸಂಪುಟಗಳು 1953ರಲ್ಲಿ ಬಂದಿವೆ, ಅವುಗಳಲ್ಲಿ ಆ ಪತ್ರ ಇಲ್ಲ. ಅದನ್ನು ಅವನು ಬರೆದದ್ದಕ್ಕೆ ಯಾವ ಪುರಾವೆಯೂ ಇಲ್ಲ.

ಈ ಮಾತು ಹೇಳಿ ನಾನು ಒಂದು ಶಾಲೆಯಲ್ಲಿ ಸ್ವಲ್ಪ ಕೆಟ್ಟವನಾದೆ. ಆಫೀಸು ಕೋಣೆಯಲ್ಲಿ ಆ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಚೌಕಟ್ಟು ಹಾಕಿ, ಕೆಳಗೆ ಅಬ್ರಹಾಂ ಲಿಂಕನ್ ಅಂತ ಹೆಸರು ಹಾಕಿ ತೂಗುಹಾಕಿದ್ದರು. ಹೆಡ್‌ಮಾಷ್ಟ್ರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಮಾತು ಒಳ್ಳೆಯದೇ ಅಲ್ವಾ, ಇರಲಿ ಬಿಡಿ" ಅಂದರು. "ಮಾತು ಇರಲಿ, ಕೆಳಗಿನ ಹೆಸರನ್ನಾದರೂ ತೆಗೆಯಿರಿ" ಅಂದೆ. ಮುಂದಿನ ಸಲ ಹೋದಾಗ ಪತ್ರ ಅಲ್ಲೇ ಇತ್ತು. ಹೆಸರಿನ ಮೇಲೆ ಸರಿಯಾಗಿ ಒಂದು ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್ ತೂಗುತ್ತಿತ್ತು.